ಹುಂಡಿಯ ಸದ್ದು

ಆ ಮಣ್ಣಿನ ಹುಂಡಿ ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಎಪ್ಪತ್ತರ ದಶಕದ ಕೊನೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಹೊಸದಾಗಿ ಮದುವೆಯಾಗಿತ್ತು. ಶೀಟಿನ ಮನೆ. ಸಂಬಳ ತಿಂಗಳ ಮೂರನೇ ವಾರಕ್ಕೇ ಖಾಲಿ.

ನನ್ನ ಹೆಂಡತಿಗೆ ಇದ್ದದ್ದು ಒಂದೇ ಆಸೆ: ಹೊಲಿಗೆ ಯಂತ್ರ. ಅದು ಬಂದರೆ ಬೀದಿಯವರ ರವಿಕೆ ಹೊಲಿದು ನಾಲ್ಕು ಕಾಸು ನೋಡಬಹುದೆಂದು ಲೆಕ್ಕ ಹಾಕಿದ್ದಳು. ಸೀಮೆಎಣ್ಣೆ ಸ್ಟೌ ಮೂಲೆಗಿಟ್ಟು, ಮರದ ಮಿಲ್ಲಿನಿಂದ ಹೊಟ್ಟು ಹೊತ್ತು ತಂದು ಹೊಟ್ಟಿನ ಒಲೆಯಲ್ಲಿ ಅಡುಗೆ ಮಾಡತೊಡಗಿದಳು. ಎಣ್ಣೆಯಲ್ಲಿ ಉಳಿದದ್ದು ರೂಪಾಯಿ ನಾಣ್ಯವಾಗಿ ಹುಂಡಿಗೆ ಬೀಳುತ್ತಿತ್ತು. ಹಾಕಿದಾಗಲೆಲ್ಲ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು.

"ಕೇಳಿ ರೀ, ಹೆಂಗೆ ತುಂಬ್ತಾ ಇದೆ!"

ನನಗೆ ಅದರಲ್ಲಿ ಮ್ಯಾಟಿನಿ ಶೋ, ಮಸಾಲೆದೋಸೆ, ಸಿಗರೇಟು ಕೇಳಿಸುತ್ತಿತ್ತು. ಸೆಕೆಂಡ್ ಶಿಫ್ಟಿನ ವಾರ, ಅವಳು ಹೊಟ್ಟು ತರಲು ಹೋಗಿದ್ದ ಒಂದು ಬೆಳಿಗ್ಗೆ, ಹುಂಡಿಯನ್ನು ಬೋರಲು ಮಾಡಿ ಸೀಳಿನೊಳಗೆ ಹ್ಯಾಕ್ಸಾ ಬ್ಲೇಡು ತೂರಿಸಿದೆ. ನಾಣ್ಯ ಬ್ಲೇಡಿನ ಮೇಲೆ ಜಾರಿ ಬಂತು. ತೂಕ ಕಡಿಮೆಯಾದರೆ ಸಿಕ್ಕಿಬೀಳುತ್ತೇನಲ್ಲ? ಕಾರ್ಖಾನೆಯ ಗುಜರಿ ರಾಶಿಯಲ್ಲಿ ಅದೇ ಅಳತೆಯ ಕಬ್ಬಿಣದ ವಾಷರು ಹುಡುಕಿ ತಂದು ಒಳಗೆ ಹಾಕಿದೆ. ಆಹಾ ನನ್ನ ಜಾಣತನವೇ! ತಿಂಗಳುಗಟ್ಟಲೆ ಹೀಗೇ ನಡೆಯಿತು.

ಒಂದು ಸಂಜೆ ಅವಳು ಕುಣಿಯುತ್ತಾ ಬಂದಳು. ದಾಸರಹಳ್ಳಿಯ ಟೈಲರೊಬ್ಬರು ಹಳೆಯ ಯಂತ್ರ ಮಾರುತ್ತಾರಂತೆ.

"ಗೌರಿ ಹಬ್ಬದವರೆಗೂ ಯಾರಿಗೂ ಕೊಡಲ್ಲ ಅಂದಿದಾರೆ. ಅವತ್ತೇ ಹುಂಡಿ ಒಡೆಯೋದು!"

ಹುಂಡಿಯೊಳಗೆ ನನ್ನ ವಾಷರುಗಳು! ಹಬ್ಬಕ್ಕೆ ಇನ್ನು ಕೆಲವೇ ತಿಂಗಳು. ಮರುದಿನದಿಂದಲೇ ಬಸ್ಸು ಬಿಟ್ಟು ನಡೆದೆ. ಸಿನಿಮಾ, ಸಿಗರೇಟು ಬಿಟ್ಟೆ. ಯಾರು ಬೇಡವೆಂದ ಓವರ್‌ಟೈಮ್ ಆದರೂ ನಾನು ಹಿಡಿದೆ.

"ಏನ್ ಗುರು, ಕಾರ್ಖಾನೆ ಬರ್ಕೊಟ್ಬಿಟ್ರಾ ನಿಂಗೆ? ಮನೆಗೇ ಹೋಗಲ್ವಲ್ಲ!" ಎಂದು ಪಕ್ಕದ ಮೆಷಿನ್ನಿನವನು ರೇಗಿಸಿದ.

ಅವಳಿಲ್ಲದ ಹೊತ್ತಿನಲ್ಲಿ ಮತ್ತೆ ಅದೇ ಬ್ಲೇಡು. ಒಂದು ವಾಷರು ಈಚೆಗೆ, ಒಂದು ರೂಪಾಯಿ ಒಳಗೆ. ಕದಿಯುವಾಗ ಸಿಗದಿದ್ದ ಖುಷಿ ತುಂಬುವಾಗ ಸಿಕ್ಕಿತು! ಬಸ್ಸು ಪಕ್ಕದಲ್ಲಿ ಧೂಳೆಬ್ಬಿಸಿ ಹೋದಾಗ, ಉಳಿಯಿತು ಕಾಸು ಎಂದು ಶಿಳ್ಳೆ ಹಾಕುತ್ತಾ ನಡೆಯುತ್ತಿದ್ದೆ.

ಹಬ್ಬದ ದಿನ ಅಕ್ಕಪಕ್ಕದವರೆಲ್ಲ ನಮ್ಮ ಬಾಗಿಲಲ್ಲಿ ನೆರೆದರು. ಎಲ್ಲ ವಾಷರೂ ಹೊರಗೆ ಬಂದಿವೆ ಎಂದೇ ನನ್ನ ನಂಬಿಕೆ. ಅವಳು ಹುಂಡಿ ಎತ್ತಿ ಕುಕ್ಕಿದಳು. ನಾಣ್ಯಗಳು ಝಲ್ಲೆಂದು ಮನೆ ತುಂಬ ಚೆಲ್ಲಿದವು! ಅವುಗಳ ನಡುವಿನಿಂದ ಕರ್ರಗಿನ ಒಂದು ವಾಷರು ಉರುಳುತ್ತಾ ಬಂದು ನನ್ನ ಕಾಲ ಬಳಿಯೇ ಬಿತ್ತು.

"ಇದ್ಯಾವ ದೇಶದ ದುಡ್ಡಕ್ಕಾ?" ಎದುರುಮನೆಯ ಹೆಂಗಸು ಕಿಸಕ್ಕನೆ ನಕ್ಕಳು.

ಹೆಂಡತಿ ಅದನ್ನು ತಟ್ಟನೆ ಎತ್ತಿಕೊಂಡಳು. "ಕತ್ಲಲ್ಲಿ ನಾನೇ ಹಾಕ್ಬಿಟ್ಟಿದೀನಿ ಕಣೇ."

ದುಡ್ಡು ಸಾಲುವಷ್ಟಿತ್ತು. ಸಂಜೆಗೆ ಯಂತ್ರ ಮನೆಗೆ ಬಂತು. ಅದಕ್ಕೆ ಕುಂಕುಮವಿಟ್ಟು, ಎಲ್ಲರೂ ಹೋದ ಮೇಲೆ, ಅವಳು ವಾಷರನ್ನು ನನ್ನ ಅಂಗೈಯಲ್ಲಿಟ್ಟಳು.

"ನಡುವೆ ಸದ್ದು ಕೆಟ್ಟೋಗಿತ್ತು ರೀ. ನಂಗೊತ್ತಾಗಲ್ವಾ? ಕೇಳ್ಬಿಡೋಣ ಅಂತಿದ್ದೆ. ಅಷ್ಟರಲ್ಲಿ ಸರಿಹೋಗ್ತಾ ಬಂತು. ಸುಮ್ನಾದೆ."

ತಪ್ಪಾಯಿತು ಎನ್ನಲು ಅಂದು ನನಗೆ ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ಸಂಬಳದ ದಿನ ಹೊಸ ಹುಂಡಿ ತಂದೆ. ಯಾವ ಖರ್ಚಿಗೂ ಮೊದಲು ಅದಕ್ಕೆ ನಾಣ್ಯ ಹಾಕಿ, ಅವಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಯಂತ್ರ ತುಳಿಯುವುದನ್ನು ನಿಲ್ಲಿಸಿ ಅವಳು ಕಿವಿಗೊಟ್ಟು ಕೇಳಿದಳು.

"ಹ್ಞೂಂ, ರೂಪಾಯೀನೇ."