ಕರೆಯದೆ ಬಂದ ಕೂಟ

ದರ್ಶನ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಎಪ್ಪತ್ತರ ದಶಕದ ಕೊನೆಗೆ ಪುಣೆಯ ಖಡಕಿಯಲ್ಲಿ, ನನ್ನದೇ ಮನೆಯಲ್ಲಿ ಒಂದು ಸಂಗತಿ ನಡೆದುಹೋಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾವು ಬೀದರ ಕಡೆಯ ಕ್ರೈಸ್ತರು, ಕಾರ್ಖಾನೆ ಕೆಲಸಕ್ಕೆಂದು ಪುಣೆಗೆ ಬಂದವರು. ಮದುವೆಯಾಗಿ ಬಹಳ ವರ್ಷದ ಮೇಲೆ ನನ್ನ ಹೆಂಡತಿ ಶಾಂತಾ ಹೆತ್ತ ಮಗು ಉಳಿಯಲಿಲ್ಲ. ಸಮಾಧಾನಕ್ಕೆ ಬಂದವರೆಲ್ಲ ದೇವರ ಚಿತ್ತ ಎಂದರು. ಅದನ್ನೇ ಕೇಳಿ ಕೇಳಿ ತಲೆಕೆಟ್ಟು, ಇನ್ನು ನಮ್ಮ ಮನೆಗೆ ಯಾರೂ ಬರಬೇಡಿ ಎಂದು ಪಾದ್ರಿ ಅಯ್ಯನವರ ಮುಖಕ್ಕೇ ಹೇಳಿ ಚರ್ಚು ಬಿಟ್ಟೆ. ಶಾಂತಾ ಮೊದಲು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದವಳನ್ನು ಬಚ್ಚಲಿಗೂ ನಾನೇ ಹಿಡಿದು ಒಯ್ಯಬೇಕಿತ್ತು. ಇವಳೂ ಕೈಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆಯಿಂದ ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲೇ ಕೂತೆ. ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ.

ನಮ್ಮ ಚರ್ಚಿನ ಕನ್ನಡ ಸಭೆಯವರು ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಆದರೆ ಆ ಮನೆಯ ಹೆಣ್ಣುಮಗಳು ತಾನೇ ಬಂದು ಕರೆಯದೆ ಕೂಟ ಯಾರ ಮನೆಗೂ ಹೋಗುತ್ತಿರಲಿಲ್ಲ. ಆ ಪದ್ಧತಿ ನನಗೆ ಅನುಕೂಲವೇ ಆಗಿತ್ತು.

ಹೀಗಿರುವಾಗ ಒಂದು ಶುಕ್ರವಾರ, ಇನ್ನೂ ಬಿಸಿಲಿತ್ತು, ಬಾಗಿಲು ತೆರೆದರೆ ಅಯ್ಯನವರು, ಹಿಂದೆ ಚಾಪೆ, ಢೋಲಕಿ ಹಿಡಿದ ಇಡೀ ಕೂಟ. ನನಗೆ ರೇಗಿತು. ಯಾರು ಕರೆದರು ಎಂದು ಬಾಗಿಲಿಗೆ ಅಡ್ಡ ನಿಂತೆ.

"ನಿನ್ನ ಹೆಂಡ್ತಿನೇ ಕರದಾಳಪ್ಪ," ಎಂದಳು ಮುದುಕಿ ಎಸ್ತೇರಮ್ಮ. "ಮುಂಜಾನೆ ನೀರಿನ ನಳದ ಹತ್ರ ಬಂದು, ಇವತ್ತ ನಮ್ಮ ಮನಿಗಿ ಬರ್ರಿ ಅಂದ್ಳು."

ಜೊತೆಗಿದ್ದ ಅವಳ ಸೊಸೆಯೂ ಹೌದೆಂದಳು. ಮುಂಜಾನೆಯಿಂದ ಶಾಂತಾ ನನ್ನ ಕಣ್ಣೆದುರೇ ಮಲಗಿದ್ದಳು. ಹೇಳಿದರೆ ಒಬ್ಬರೂ ಕೇಳಲೊಲ್ಲರು. ದನಿ ಏರಿಸಿ ಜಗಳಕ್ಕೇ ನಿಂತೆ. ಆಗ ಹಿಂದಿನಿಂದ ಶಾಂತಾಳ ದನಿ ಕೇಳಿಸಿತು.

"ಅವರ್ನ ಒಳಗ ಕರೀರಿ."

ತಿರುಗಿ ನೋಡಿದರೆ ಎದ್ದು ಕೂತಿದ್ದಳು. ನಾನು ಪಕ್ಕಕ್ಕೆ ಸರಿದೆ. ಅವರು ಹಾಡಿದರು, ಅವಳು ಹಾಡಲಿಲ್ಲ. ಎಲ್ಲರ ಪ್ರಾರ್ಥನೆ ಮುಗಿದ ಮೇಲೆ, ಮಗು ಹೋದಾಗಲೂ ಅಳದಿದ್ದವಳು ಗೊಳೋ ಎಂದು ಅತ್ತಳು. "ಕರ್ತನೇ, ನನಗ ಇನ್ನೂ ಬದುಕಬೇಕು ಅನಸ್ತದ," ಎಂದಳು. ನಾನೂ ಅತ್ತುಬಿಟ್ಟೆ. ಮನೆಯಲ್ಲಿ ಹಾಲಿರಲಿಲ್ಲ, ಬಂದವರು ಕರಿ ಚಹಾ ಕುಡಿದು ಹೋದರು.

ಅವರು ಹೋದ ಮೇಲೆ ಎಸ್ತೇರಮ್ಮ ಹೇಳಿದ್ದು ನಿಜವೇ ಎಂದು ಶಾಂತಾಳನ್ನು ಕೇಳಿದೆ. "ಹೋಗಿ ಕರೀಬೇಕಂತ ಮುಂಜಾನೆ ಭಾಳ ಅನಿಸಿತ್ರಿ. ಏಳಾಕ ಆಗ್ಲಿಲ್ಲ," ಎಂದಳು. ಅವತ್ತು ಅರ್ಧ ರೊಟ್ಟಿ ತಿಂದಳು.

ಅಯ್ಯನವರು ಇದು ದೇವರ ಕೆಲಸವೆಂದು ಸಭೆಯಲ್ಲಿ ಸಾಕ್ಷಿ ಹೇಳು ಎಂದು ಬೆನ್ನುಹತ್ತಿದರು. ಏನೆಂದು ಹೇಳಲಿ? ಮುದುಕಿಯೇ ಕಟ್ಟಿದ ಕಥೆ ಎಂದು ಗೆಳೆಯರು ನಕ್ಕರು. ಹಾಗಿದ್ದರೆ ಶಾಂತಾಳ ಮನಸ್ಸಿನೊಳಗಿನ ಮಾತು ಆ ಮುದುಕಿಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಮಾತು ಬದಲಿಸಿದರು. ನಾನು ಮತ್ತೆ ಚರ್ಚಿಗೆ ಹೋದೆ, ಗೊಣಗುತ್ತಲೇ ಹೋದೆ. ಈಗಲೂ ಮೊಣಕಾಲೂರಿದಾಗೆಲ್ಲ ಅಂದು ನಳದ ಹತ್ತಿರ ಬಂದವರು ಯಾರು ಎಂದು ಕೇಳುತ್ತೇನೆ. ಉತ್ತರ ಬರುವುದಿಲ್ಲ. ಸಿಟ್ಟು ಬರುತ್ತದೆ, ಎದ್ದುಬಿಡುತ್ತೇನೆ. ಮರುದಿನ ಮತ್ತೆ ಮೊಣಕಾಲೂರುತ್ತೇನೆ.