ಮೇ ತಿಂಗಳವರೆಗೆ ಬಿಚ್ಚಬಾರದ ಡಬ್ಬಿ

ಘಟಪ್ರಭಾಕ್ಕೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಸ್ಟೇಶನ್ ಹತ್ತಿರದ ಗೊಬ್ಬರದಂಗಡಿಯಲ್ಲಿ ನಿಂತಿದ್ದಾಗ ದಪ್ಪ ಮೀಸೆಯ ಹಿರಿಯರೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಕೈಗಿಟ್ಟರು. ಡಬ್ಬಿಗೆ ಬಿಳಿ ಬಟ್ಟೆ ಸುತ್ತಿ ಕೆಂಪು ದಾರದಿಂದ ಹೊಲಿದಿದ್ದರು. ಬಟ್ಟೆಯ ಮೇಲೆ ಮೂರು ಸಹಿ.

“ಮೇ ತಿಂಗಳ ತನಕಾ ನಿಮ್ಮ ಕಡೆ ಇರ್ಲಿ ಸರ. ಬಿಚ್ಚಬ್ಯಾಡ್ರಿ.”

ಆಗಿನ್ನೂ ಆಗಸ್ಟ್. ಅವರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಒಳಗೇನಿದೆ ಎಂದು ಕೇಳಿದರೆ ಅವರೂ ಅಲ್ಲಿದ್ದ ಇನ್ನಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡಲ ಬದಿಯ ಉಪ್ಪಳದಿಂದ ಇಷ್ಟು ದೂರ ಬಂದು ಯಾವುದೋ ಪೊಲೀಸ್ ಕೇಸಿಗೆ ಸಿಕ್ಕಿಬಿದ್ದೆ ಎಂದೇ ಎಣಿಸಿದೆ.

ಒಳಗಿದ್ದದ್ದು ಫುಟ್‌ಬಾಲ್! ಇಂಗ್ಲೆಂಡಿನ ಲೀಗ್ ಶುರುವಾಗುವ ಮೊದಲು, ಈ ಸಲದ ಕಪ್ ಯಾರಿಗೆ ಎಂದು ಮೂವರೂ ಒಂದೊಂದು ಚೀಟಿ ಬರೆದು ಹಾಕಿದ್ದರು. ಸರಿಯಾಗಿ ಬರೆದವನಿಗೆ ಅಂಗಡಿಯ ಟಿ.ವಿ. ಎದುರಿನ ಒಂದೇ ಒಂದು ಕುರ್ಚಿ ಮುಂದಿನ ವರ್ಷವಿಡೀ ಸೇರುತ್ತದೆ, ಉಳಿದವರಿಗೆ ಗೊಬ್ಬರದ ಚೀಲವೇ ಆಸನ. ಮೀಸೆಯವರು ತುಕ್ಕಾನಟ್ಟಿಯ ಹವಾಲ್ದಾರ್ ಕಾಕಾ, ಸೈನ್ಯದಲ್ಲಿದ್ದಾಗ ಗೋಲ್ ಕಾಯುತ್ತಿದ್ದವರು. ಅಂಗಡಿ ಮಹಾಂತೇಶನದು. ಮೂರನೆಯವನು ಹುಕ್ಕೇರಿಯ ದಸ್ತಗೀರ, ಟೆಂಪೋ ಓಡಿಸುತ್ತಾನೆ. ಅದರ ಹಿಂದಿನ ವರ್ಷ ಡಬ್ಬಿ ಅಂಗಡಿಯಲ್ಲೇ ಇತ್ತಂತೆ, ಕುರ್ಚಿ ಮಹಾಂತೇಶನಿಗೇ ಹೋಯಿತಂತೆ. ಅಲ್ಲಿಂದ ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ.

“ಹಾಗಾದರೆ ನನ್ನನ್ನು ಹೇಗೆ ನಂಬುತ್ತೀರಿ?” ಎಂದೆ.

“ನೀವು ಯಾರ ಪೈಕಿನೂ ಅಲ್ಲಲ್ರಿ, ಅದಕ್ಕ,” ಎಂದ ದಸ್ತಗೀರ.

ಪೈಕಿ ಎಂದರೆ ಇಲ್ಲಿ ಬಳಗ, ಬೀಗತನ, ಪಕ್ಷ, ಓಣಿ ಎಲ್ಲವೂ. ಅವನು ಹೊಗಳಿಕೆಯಾಗಿಯೇ ಹೇಳಿದ್ದು, ನನಗೆ ಮಾತ್ರ ಚುಚ್ಚಿತು. ಡಬ್ಬಿ ಇಟ್ಟುಕೊಂಡವನು ಚೀಟಿ ಬರೆಯುವಂತಿಲ್ಲ ಎಂಬ ನಿಯಮ ಬೇರೆ. ಕಪ್ ಯಾರಿಗೆ ಎಂದು ಹೇಳದೆ ಒಂದು ಆಗಸ್ಟನ್ನೂ ಕಳೆದವನಲ್ಲ ನಾನು. ನಮ್ಮಲ್ಲಿ ಅದೆಲ್ಲ ಬಹಿರಂಗ ವ್ಯವಹಾರ. ಲೈಟುಕಂಬಕ್ಕೆ ಬಾವುಟ ಕಟ್ಟುತ್ತೇವೆ, ದಾರಿಗೆ ಅಡ್ಡ ಫ್ಲೆಕ್ಸ್ ಹಾಕುತ್ತೇವೆ, ಸೋತರೆ ನಾಲ್ಕು ದಿನ ಮುಖ ಮರೆಸಿಕೊಂಡು ತಿರುಗುತ್ತೇವೆ. ಇಲ್ಲಿ ಒಳಗೊಂದು ಹೊರಗೊಂದು. ಕಾಕಾ ಬೆಳಗಾದರೆ ಕೆಂಪು ಅಂಗಿಯವರನ್ನು ಹಾಡಿ ಹೊಗಳುತ್ತಿದ್ದರು, ಮಹಾಂತೇಶ ಬಿಳಿ ಅಂಗಿಯವರನ್ನು. ದಸ್ತಗೀರನ ಬಾಯಲ್ಲಿ ವಾರಕ್ಕೊಂದು ತಂಡ. ಚೀಟಿಯಲ್ಲಿ ಬರೆದದ್ದು ಅದೇ ಎಂದು ಅವರಲ್ಲಿ ಒಬ್ಬರೂ ಇನ್ನೊಬ್ಬರನ್ನು ನಂಬುತ್ತಿರಲಿಲ್ಲ.

ನಂಬದಿರುವುದು ನನ್ನ ಬಾಡಿಗೆ ಮನೆಯಲ್ಲೂ ಇತ್ತು. ಕಬ್ಬಿನ ಹೊಲಗಳಿಗೆ ಡ್ರಿಪ್ ಪೈಪ್ ಹಾಕಿಸುವುದು ನನ್ನ ಕೆಲಸ. ದಿನವೂ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಬೈಕಿನಲ್ಲಿ ಸುತ್ತುವವನಿಗೆ ಒಂದು ಕೋಣೆ ಸಿಗಲು ಎಂಟು ಮನೆ ನೋಡಬೇಕಾಯಿತು. ಕೊನೆಗೆ ಕೊಟ್ಟವರು ಗಂಗವ್ವ. ಹಿರಿಯ ಹೆಂಗಸರನ್ನು ಇಲ್ಲಿ ಆಯಿ ಎನ್ನುತ್ತಾರೆ. ಹಣೆ ತುಂಬ ವಿಭೂತಿ ಧರಿಸಿದ್ದ ಆಯಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದರು.

“ಮೀನಾ ತಿಂತೀರೇನ್ರಿ?”

“ಊರಲ್ಲಿ ತಿನ್ನುತ್ತೇನೆ. ಇಲ್ಲಿ ಇಲ್ಲ.”

“ಖರೆ?”

ಖರೆ ಎಂದರೆ ನಿಜ. ನಿಜವೇ ಎಂದೆ. ಆಯಿ ತಲೆಯಾಡಿಸಿದರು, ನಂಬಲಿಲ್ಲ. ಊರಿಂದ ಬಂದಾಗಲೆಲ್ಲ ನನ್ನ ಬ್ಯಾಗಿನ ಸುತ್ತ ಏನೋ ನೆಪ ತೆಗೆದು ಎರಡು ಸುತ್ತು ಹಾಕುತ್ತಿದ್ದರು. ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ನಾಲಗೆಗೆ ಹತ್ತಿತು. ಆದರೂ ಒಂದು ಭಾನುವಾರ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು ನೆನಪಾಗಿ ರೊಟ್ಟಿ ಮುರಿಯುತ್ತಲೇ ಅತ್ತುಬಿಟ್ಟೆ. ಡಬ್ಬಿ ಅಟ್ಟದ ಮೇಲೆ ಕೂತು ನೋಡುತ್ತಿತ್ತು.

ಮೇ ಬಂತು. ಲೀಗ್ ಗೆದ್ದದ್ದು ಕೆಂಪು ಅಂಗಿಯವರು. ವರ್ಷವಿಡೀ ಅವರನ್ನು ಹೊಗಳಿದ್ದ ಕಾಕಾ ಮಾತ್ರ ಹುಳ್ಳಗಿನ ಮುಖ ಮಾಡಿಕೊಂಡಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಡಬ್ಬಿಯನ್ನು ಅಂಗಡಿಗೆ ಒಯ್ದೆ. ಕಾಕಾ ಕತ್ತರಿ ಎತ್ತಿದವರು ಹಾಗೇ ನಿಂತರು.

“ಇದು ನನ್ನ ಹೊಲಿಗಿ ಅಲ್ಲ.”

ಮಹಾಂತೇಶ ಬಟ್ಟೆಯ ಮೇಲೆ ಬೆರಳಾಡಿಸಿದ. “ಕಾಕಾ, ನೀವು ಚೀಲಾ ಹೊಲದಂಗ ಹೊಲದಿದ್ರಿ. ಇದು ಕೌದಿ ಹೊಲಿಗಿ ಐತಿ.”

ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿಯುವ ಹೊದಿಕೆಯೇ ಕೌದಿ. ಅದರ ಹೊಲಿಗೆ ಸಣ್ಣದು, ಒತ್ತೊತ್ತಾದದ್ದು. ಒಂಬತ್ತು ತಿಂಗಳು ಡಬ್ಬಿಯ ಕೆಳಗೇ ಮಲಗಿದ್ದರೂ ನನಗದು ಕಂಡಿರಲಿಲ್ಲ.

“ಯಾರ ಚೀಟಿ ತಿದ್ದೀರ್ರಿ ಸರ?” ಎಂದರು ಕಾಕಾ. ದನಿ ಏರಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಇಡೀ ಊರಿನಲ್ಲಿ ನನಗಿದ್ದ ಹೆಸರೆಂದರೆ ಅದೊಂದೇ, ಡಬ್ಬಿ ಮುಟ್ಟದವನು ಎಂಬುದು. ಅದೂ ಹೋದರೆ ನಾನು ಬರೀ ಬಾಡಿಗೆಯವನು. ಆಗ ಕಟ್ಟೆಯ ಮೇಲೆ ಕೂತು ಸೂಜಿ ಪೋಣಿಸುವ ಆಯಿ ಕಣ್ಣ ಮುಂದೆ ಬಂದರು. ಮೂವರನ್ನೂ ಮನೆಗೆ ಕರೆದೊಯ್ದೆ.

“ನಾನ ಬಿಚ್ಚೇನಿ. ಏನೀಗ?” ಎಂದರು ಆಯಿ, ಕೌದಿಯಿಂದ ತಲೆಯೆತ್ತದೆ. “ಕಡಲ ಕಡೆ ಮನಷ್ಯಾ, ಹೊಲಿಗಿ ಹಾಕಿದ ಡಬ್ಬಿ ಅಟ್ಟದ ಮ್ಯಾಲ ಇಟ್ಟಾನ. ಒಣಾ ಮೀನ ಐತೇನೋ ಅಂತ ನೋಡಿದ್ನಿ. ಚೀಟಿ ಇದ್ವು. ಮತ್ತ ಹೊಲಿಗಿ ಹಾಕಿ ಇಟ್ನಿ.”

“ಚೀಟಿ ಓದಿದ್ರೇನ್ರಿ?” ಎಂದ ದಸ್ತಗೀರ, ಗಾಬರಿಯಾಗಿ.

“ಓದಾಕ ಬರತೈತಿ ನನಗ. ಮೂರ್ರಾಗೂ ಒಂದ ಹೆಸರು ಬರದೀರಿ. ಅದಕ್ಕ ಇಷ್ಟ್ಯಾಕ ಮುಚ್ಚಿ ಇಡಬೇಕು?”

ಅಲ್ಲೇ ಬಟ್ಟೆ ಕತ್ತರಿಸಿದರು. ಮೂರು ಚೀಟಿ, ಮೂರು ಕೈಬರಹ, ಮೂರರಲ್ಲೂ ತಿಳಿನೀಲಿ ಅಂಗಿಯ ತಂಡ. ಒಬ್ಬರನ್ನೊಬ್ಬರು ದಾರಿ ತಪ್ಪಿಸಲು ವರ್ಷವಿಡೀ ಸುಳ್ಳು ಹೇಳಿದವರು ಒಟ್ಟಾಗಿ ಸೋತಿದ್ದರು. ಮೊದಲು ನಕ್ಕವರು ಕಾಕಾ. ಕುರ್ಚಿ ಆಯಿಗೇ ಎಂದು ಅಲ್ಲೇ ತೀರ್ಮಾನವಾಯಿತು.

ನನಗೆ ತಡೆಯಲಾಗಲಿಲ್ಲ. “ನಾನು ಬರೆದಿದ್ದರೆ ಕೆಂಪು ಬರೆಯುತ್ತಿದ್ದೆ. ನಮ್ಮೂರಿನವರೆಲ್ಲ ಅದೇ ತಂಡದ ಕಡೆ,” ಎಂದೆ.

ಮೂವರೂ ನನ್ನನ್ನು ದಿಟ್ಟಿಸಿದರು. ಅದು ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ನೋಟ. “ಈಗ ಯಾರ ಬೇಕಾದ್ರೂ ಹೇಳತಾರ,” ಎಂದರು ಕಾಕಾ. “ಮುಂದಿನ ವರ್ಷ ನೀನೂ ಬರಿಯಲೇ, ನೋಡೂಣು.”

ನಮ್ಮ ಕಡೆ ಹೀಗೆ ‘ಲೇ’ ಎಂದರೆ ಜಗಳ ಶುರುವಾದಂತೆ. ಇಲ್ಲಿ ಅದು ತಮ್ಮ ಪೈಕಿಯವರಿಗೆ ಮಾತ್ರ ಸಿಗುವ ಮಾತು.

ಈಗ ಮತ್ತೆ ಆಗಸ್ಟ್. ಡಬ್ಬಿ ಈ ಸಲ ಆಯಿಯ ಕೈಯಲ್ಲಿ, ಒಳಗೆ ನಾಲ್ಕು ಚೀಟಿ. ಚೀಟಿ ಹಾಕಿ ಬಂದ ಸಂಜೆಯೇ ಉಪ್ಪಳದ ಗೆಳೆಯ ಅಶ್ರಫನ ಫೋನು.

“ಎಂತ ಮಾರಾಯ, ಈ ಸರ್ತಿ ಕಪ್ ಯಾರಿಗೆ?”

“ಕೆಂಪಿಗೆ. ಬೇರೆ ಯಾರಿಗೆ?”

ಅವನು ನಂಬಲಿಲ್ಲ. “ನಿನ್ನ ಸ್ವರ ಯಾಕೋ ಸರಿ ಇಲ್ಲ,” ಎಂದ.

ಫೋನಿಟ್ಟಾಗ ಆಯಿ ಬಾಗಿಲಲ್ಲಿ ಸೂಜಿ ದಾರ ಹಿಡಿದು ನಿಂತಿದ್ದರು. “ಖರೆ ಹೇಳು, ಯಾವುದು ಬರದಿ?”

“ಮೇ ತಿಂಗಳಾಗ ನೋಡೂಣು ಆಯಿ,” ಎಂದೆ. ಆ ಮಾತು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಊರಿನಲ್ಲಿ ಇದನ್ನು ಓದುತ್ತಿರುವ ನಿಮಗೂ ಅಶ್ರಫನಿಗೆ ಹೇಳಿದ್ದನ್ನೇ ಹೇಳುತ್ತೇನೆ, ಕೆಂಪು ಎಂದೇ ಬರೆದಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.