ನಮ್ಮ ಬೀದಿಯಲ್ಲಿ ಮಾತ್ರ ಆರಿಸಿದ ಮೈಕು

ಮೈಕು ಆರಿಸಿದ್ದು ನಾನು. ಆಟೋ ಡ್ರೈವರ್ ಅಲ್ಲ, ಆಫೀಸಿನವರಲ್ಲ, ಬ್ಯಾಟರಿ ಕೆಟ್ಟಿದ್ದೂ ಅಲ್ಲ — ನಾನೇ, ನಮ್ಮ ಬೀದಿಯ ತಿರುವು ಬಂದ ಕೂಡಲೇ, ಗುಂಡಿ ಒತ್ತಿ ಆರಿಸಿದೆ. ನಲ್ಲಿ ನೀರಿಗೆ ಚರಂಡಿ ನೀರು ಸೇರಿದೆ, ಕುಡಿಯಬೇಡಿ ಎಂದು ಊರಿಗೆಲ್ಲ ಗಂಟಲು ಹರಿಯುವಂತೆ ಕೂಗಿಕೊಂಡು ಬಂದವಳು ನನ್ನ ಮನೆಯ ಮುಂದೆ, ನನ್ನ ಬಾಡಿಗೆ ಜನರ ಮುಂದೆ ಬಾಯಿ ಮುಚ್ಚಿಕೊಂಡೆ. ಅದರಿಂದ ಒಂದು ಕೂಸು ಹೋಯಿತು. ಆ ಕೂಸಿನ ತಾಯಿ ಇಷ್ಟು ವರ್ಷ ಅದು ತನ್ನದೇ ತಪ್ಪು ಅಂದುಕೊಂಡು ಬದುಕಿದಳು — ಹಾಗೆ ಅಂದುಕೊಳ್ಳುವಂತೆ ಮಾಡಿದ್ದೂ ನಾನೇ.

ನನ್ನ ಹೆಸರು ರತ್ನಮ್ಮ. ಪೀಣ್ಯದಿಂದ ಸ್ವಲ್ಪ ಆಚೆ ನಮ್ಮೂರು. ನಾನು ಸೊಸೆಯಾಗಿ ಬಂದಾಗ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಸಾಲು ಸಾಲು ಶೀಟಿನ ಮನೆಗಳು, ಅವುಗಳ ತುಂಬ ಫ್ಯಾಕ್ಟರಿಗೆ, ಗಾರೆ ಕೆಲಸಕ್ಕೆ ಹೋಗುವ ಜನ. ನಮ್ಮ ಯಜಮಾನರೂ ಹಿತ್ತಲಿನ ಜಾಗದಲ್ಲಿ ಒಂದು ವಠಾರ ಕಟ್ಟಿಸಿದರು. ನಾನು ನಗರಸಭೆಯ ಆರೋಗ್ಯ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದೆ. ಹಸಿ ಕಸ ಒಣ ಕಸ ಬೇರೆ ಮಾಡಿ, ನೀರು ನಿಲ್ಲೋದಕ್ಕೆ ಬಿಡಬೇಡಿ, ಪೋಲಿಯೋ ಹನಿ ಹಾಕಿಸಿ, ತೆರಿಗೆ ಕಟ್ಟಿ — ಏನೇ ಇರಲಿ, ಆಟೋದಲ್ಲಿ ಮೈಕು ಹಿಡಿದು ಕೂಗುವವಳು ನಾನೇ. ನನ್ನ ದನಿ ಊರಿನ ನಾಯಿಗಳಿಗೂ ಗೊತ್ತಿತ್ತು. ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ದೊಡ್ಡ ಚರಂಡಿ ಅಗೆಯುವಾಗ ಕಂಟ್ರಾಕ್ಟರ್ ಕಡೆಯವರು ಕುಡಿಯುವ ನೀರಿನ ಪೈಪಿಗೆ ಜೆಸಿಬಿ ಹಲ್ಲು ಹಾಕಿದರು. ಮುಚ್ಚಿಟ್ಟರು. ಸುಮ್ಮನೆ ಮಣ್ಣು ಎಳೆದು ಮುಚ್ಚಿ ಹೋದರು, ಪುಣ್ಯಾತ್ಮರು. ಆಮೇಲೆ ಅಲ್ಲಲ್ಲಿ ವಾಂತಿ, ಭೇದಿ. ಜನ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದು ಸಾಹೇಬರ ಟೇಬಲ್ ಮೇಲೆ ಇಟ್ಟು ಬೈದ ಮೇಲೆ ಆಫೀಸಿಗೆ ಎಚ್ಚರವಾಯಿತು. ಸಾಹೇಬರು ನನ್ನನ್ನು ಕರೆದು, "ಒಂದು ಬೀದೀನೂ ಬಿಡಬೇಡಿ ರತ್ನಮ್ಮ. ನಾಳೆ ಯಾರಾದ್ರೂ ನಮಗೆ ಹೇಳಿರಲಿಲ್ಲ ಅನ್ನಬಾರದು," ಅಂದರು. ಜನ ಬದುಕಲಿ ಅಂತಲ್ಲ, ತಮ್ಮ ಮೇಲೆ ಬರಬಾರದು ಅಂತ. ಆ ಮಾತು ಕೇಳಿ ಆಗ ನನಗೆ ಸಿಟ್ಟು ಬಂದಿತ್ತು. ಎಂಥ ಜನ ಇವರು ಅಂದುಕೊಂಡಿದ್ದೆ. ನಾನು ಎಂಥವಳು ಅನ್ನುವುದು ಮರುದಿನ ಬೆಳಿಗ್ಗೆ ಗೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ತುತ್ತು ಕೆಳಗಿಟ್ಟರು. ನಮ್ಮ ಮನೆಯ ನಲ್ಲಿ ಸರಿಯಾದ ನಲ್ಲಿ, ಆದರೆ ವಠಾರಕ್ಕೆ ಹೋಗುತ್ತಿದ್ದದ್ದು ಕಳ್ಳ ನಲ್ಲಿ. ಪ್ಲಾಸ್ಟಿಕ್ ಪೈಪನ್ನು ಚರಂಡಿಯೊಳಗಿಂದಲೇ ಎಳೆದು ನೆಲದಡಿಯ ಸಂಪ್ ತೊಟ್ಟಿಗೆ ಬಿಟ್ಟಿದ್ದರು. ನಗರಸಭೆಯಲ್ಲಿ ಸಂಬಳ ತಿನ್ನುವವಳ ಮನೆಯಲ್ಲೇ!

"ನಮ್ ಬೀದೀಲಿ ಮಾತ್ರ ಕೂಗ್‌ಬ್ಯಾಡ ಕಣೇ. ಬಾಡಿಗೆಯೋರು ಗಲಾಟೆ ಎಬ್ಬಿಸಿದ್ರೆ ನೀರುಗಂಟಿ ಬತ್ತಾನೆ, ಪೈಪು ಅಗೀತಾನೆ. ಆಮ್ಯಾಕೆ ನಿನ್ ಕೆಲ್ಸಾನೂ ಓಯ್ತದೆ, ನನ್ ಮಾನಾನೂ ಓಯ್ತದೆ."

ನಾನು ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ. ಕೆಲಸ ಕಾಯಂ ಆಗುವ ಮಾತು ಆಗತಾನೇ ನಡೆದಿತ್ತು. ಈಗ ಗಂಡನ ಮೇಲೆ ಎತ್ತಿ ಹಾಕಿ ತಪ್ಪಿಸಿಕೊಳ್ಳಬಹುದು — ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುವಷ್ಟು ಕೋಪ ಇದೆ, ಅದು ಬೇರೆ. ಆದರೆ ಅವರು ನನ್ನ ಕೈ ಹಿಡಿದು ಗುಂಡಿ ಒತ್ತಿಸಲಿಲ್ಲ. ಮಾರನೇ ದಿನ ಆಟೋದಲ್ಲಿ ಅವರು ಇರಲೂ ಇಲ್ಲ.

ಬೆಳಿಗ್ಗೆ ಹೊರಟೆವು. ಬೀದಿ ಬೀದಿಯಲ್ಲೂ ಕೂಗಿದೆ, "ಕಾಯಿಸಿ ಆರಿಸಿ ಕುಡಿಯಿರಿ, ಮಕ್ಕಳು, ಬಸುರಿಯರು ನಲ್ಲಿ ನೀರು ಮುಟ್ಟಬೇಡಿ." ಹೆಂಗಸರು ಹೊರಗೆ ಬಂದು ತುಂಬಿದ ಕೊಡಗಳನ್ನು ಚರಂಡಿಗೆ ಚೆಲ್ಲುತ್ತಿದ್ದರು. ನಮ್ಮ ಬೀದಿ ಬಂತು. ಆರಿಸಿದೆ. ಡ್ರೈವರ್ ತಿರುಗಿ, "ಯಾಕಕ್ಕಾ?" ಅಂದ. "ಗಂಟಲು ನೋಯ್ತಿದೆ, ನಡಿ," ಅಂದೆ. ಅವನು ಗಾಡಿ ನಿಧಾನ ಮಾಡಿದ, ಅಷ್ಟರಲ್ಲಿ ವಠಾರದ ಗೇಟಿನಿಂದ ಶರಣಮ್ಮ ಬಂದಳು.

ಶರಣಮ್ಮ ಕೊಪ್ಪಳದ ಕಡೆಯವಳು. ಗಂಡ ಮಲ್ಲಪ್ಪ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಬಸಿರು ಅದು. ನನ್ನನ್ನು ಅಕ್ಕಾರೀ ಅಂತ ಬಾಯಿ ತುಂಬ ಕರೆಯುತ್ತಿದ್ದಳು. ಹಬ್ಬಕ್ಕೆ ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದುಕೊಡುತ್ತಿದ್ದಳು. ಅವತ್ತು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಆಟೋ ಹತ್ತಿರ ಬಂದು ಕೇಳಿದಳು:

"ಅಕ್ಕಾರೀ, ಆ ಕಡೆ ಓಣ್ಯಾಗ ನೀರಿಂದು ಏನೋ ಹೇಳಾಕತ್ತಿದ್ರೆಲ್ಲ, ಏನ್ರೀ ಅದು? ನಮ್ಮ ನಳದಾಗೂ ನೀರು ಒಂಥರಾ ನಾರಾಕತ್ತಾವ್ರೀ."

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ಮೈಕು ಬೇಡ, ಅವಳ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಯಾವ ನೀರುಗಂಟಿಗೂ ಕೇಳಿಸುತ್ತಿರಲಿಲ್ಲ.

"ಏನಿಲ್ಲ ಕಣಮ್ಮ, ನೀರಿನ ಕಂದಾಯ ಕಟ್ಟೋ ವಿಷಯ. ಅದು ನಿಮಗಲ್ಲ, ಮನೆ ಓನರ್‌ಗಳಿಗೆ," ಅಂದೆ.

"ಹೌದೇನ್ರೀ," ಅಂತ ನಕ್ಕು ಒಳಗೆ ಹೋದಳು. ಅವಳಿಗೆ ಅನುಮಾನ ಬರಲಿಲ್ಲ, ಯಾಕೆ ಬರಬೇಕು? ನಾನು ಆರೋಗ್ಯ ಶಾಖೆಯವಳು.

ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಕೆಲವು ವಾರ ಕಳೆದಿರಬೇಕು. ಅವಳ ಕಣ್ಣು ಹಳದಿಯಾದವು. ಊಟ ಸೇರದು, ತಿಂದದ್ದೆಲ್ಲ ವಾಂತಿ. ಕಾಮಾಲೆ. ಮೊದಲು ಯಾರೋ ನಾಟಿ ಔಷಧಿ ಕೊಡಿಸಿದರು, ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹಾಕಿದರು. ವಠಾರದಲ್ಲಿ ಇನ್ನೂ ಒಂದಿಬ್ಬರಿಗೆ ಬಂತು, ಅವರು ಎದ್ದುಕೊಂಡರು. ಬಸುರಿಯರಿಗೆ ಈ ಕಾಯಿಲೆ ತೀರಾ ಕೆಟ್ಟದ್ದಂತೆ. ಶರಣಮ್ಮ ಬದುಕಿದ್ದೇ ಹೆಚ್ಚು ಎಂದರು ಡಾಕ್ಟರು. ಹೊಟ್ಟೆಯಲ್ಲಿದ್ದ ಗಂಡು ಕೂಸು ಉಳಿಯಲಿಲ್ಲ.

ನಾನು ನೋಡಲು ಹೋದೆ. ಎಳನೀರು ಹಿಡಿದುಕೊಂಡು, ಕೊರಳಲ್ಲಿ ನಗರಸಭೆಯ ಐಡಿ ಕಾರ್ಡು ನೇತುಹಾಕಿಕೊಂಡು — ಡ್ಯೂಟಿಯಿಂದ ನೇರವಾಗಿ ಹೋಗಿದ್ದೆ. ಊರಿನಿಂದ ಅವಳ ಅತ್ತೆ ಬಂದಿದ್ದರು. ಮುದುಕಿ ವಾರ್ಡಿನಲ್ಲೇ ಎದೆ ಬಡಿದುಕೊಳ್ಳುತ್ತಿತ್ತು. ಸಂಜೆ ಸಂಜೆ ಗಾಡಿಗೆ ಹೋಗಿ ಪಾನಿಪುರಿ ತಿಂದಾಳಂತೆ, ನಾಲಿಗೆ ಚಪಲಕ್ಕೆ ನನ್ನ ಮೊಮ್ಮಗನ್ನ ತಿಂದ್ಲು ಅಂತ. ಶರಣಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. "ಎರಡೇ ಸಲ ತಿಂದಿದ್ದೆ," ಅಂತ ಮೆಲ್ಲಗೆ ಅನ್ನುತ್ತಿದ್ದಳು, ಯಾರಿಗೋ ಲೆಕ್ಕ ಒಪ್ಪಿಸುವ ಹಾಗೆ.

ಮುದುಕಿ ನನ್ನ ಕಾರ್ಡು ನೋಡಿತು. "ನೀವಾರ ಹೇಳ್ರೀ ಮೇಡಮ್ಮಾರ, ನೀವು ಆರೋಗ್ಯದವರು. ಹೊರಗಿಂದು ತಿಂದಿದ್ದಕ್ಕ ಆಗೇದೋ ಇಲ್ಲೋ?"

ವಾರ್ಡಿನ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಶರಣಮ್ಮನೂ ತಿರುಗಿದಳು. ಅವಳು ನನ್ನನ್ನು ನೋಡಿದ್ದು ಆಸೆಯಿಂದ — ಅಕ್ಕಾರು ಇಲ್ಲ ಅನ್ನುತ್ತಾರೆ, ನನ್ನನ್ನು ಈ ಬಾಯಿಂದ ಬಿಡಿಸುತ್ತಾರೆ ಅಂತ. ಅದು ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾಗಿಯೂ ಹೇಳಿದೆ:

"ಹೂಂ ಅಮ್ಮ. ಆಚೆದು ತಿಂದ್ರೆ ಇಂಗೇ ಆಗೋದು. ಬಸುರಿ ಹೆಂಗಸು ಬಾಯಿ ಕಟ್ಟಬೇಕಿತ್ತು."

ಮೈಕು ಆರಿಸಿದ್ದನ್ನು ಹೆದರಿಕೆ ಅನ್ನಬಹುದೇನೋ. ಇದನ್ನು ಏನೆನ್ನಲಿ? ಮಗುವನ್ನು ಕಳೆದುಕೊಂಡು ಹಾಸಿಗೆ ಹಿಡಿದವಳ ತಲೆಗೆ ನನ್ನ ಪಾಪ ಕಟ್ಟಿ, ಎಳನೀರು ಕುಡಿಸಿ, ಬಸ್ಸು ಹತ್ತಿ ಮನೆಗೆ ಬಂದೆ. ಅವತ್ತು ಅನ್ನವನ್ನೂ ಉಂಡೆ.

ಅದೇ ವಾರ ಯಜಮಾನರು ಆಳು ಹಿಡಿದು ಚರಂಡಿ ಬಗೆಸಿದರು. ಪೈಪಿನ ಜಾಯಿಂಟು ಬಾಯಿ ಬಿಟ್ಟಿತ್ತು, ಒಳಗೆಲ್ಲ ಕಪ್ಪು ಕೆಸರು. ನೋಡಿದರು, ನಾನೂ ನೋಡಿದೆ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊಸ ಪೈಪು ಹಾಕಿಸಿ ಮೇಲೆ ಕಾಂಕ್ರೀಟು ಬಳಿಸಿದರು. ಶರಣಮ್ಮ, ಮಲ್ಲಪ್ಪ ಮನೆ ಖಾಲಿ ಮಾಡಿಕೊಂಡು ಬಾಗಲಗುಂಟೆ ಕಡೆ ಹೋದರು. ಹೋಗುವಾಗ ಅವಳು ನನ್ನ ಕಾಲಿಗೆ ಬಗ್ಗಿದಳು. ನನ್ನ ಕೆಲಸ ಕಾಯಂ ಆಯಿತು. ಆಫೀಸಿನಲ್ಲಿ ಕೇಕು ಕತ್ತರಿಸಿದರು.

ಆ ಸಮಯದಲ್ಲಿ ನಾನೇನು ನಿದ್ದೆಗೆಟ್ಟು ಸೊರಗಿಹೋದೆ ಅಂದುಕೊಳ್ಳಬೇಡಿ. ಎಲ್ಲವೂ ನಡೆಯಿತು. ಮಗಳ ಮದುವೆ ಮಾಡಿದೆ. ವಠಾರದ ಮೇಲೆ ಇನ್ನೊಂದು ಮಹಡಿ ಎದ್ದಿತು. ಬಾಡಿಗೆಯವರು ತಾನೇ, ಇವತ್ತು ಇಲ್ಲಿ ನಾಳೆ ಎಲ್ಲೋ, ಓಟೂ ಇಲ್ಲಿಲ್ಲ, ದನಿಯೂ ಇಲ್ಲ — ನಮ್ಮೂರಿನಲ್ಲಿ ನಾವೆಲ್ಲ ಹಾಗೇ ಯೋಚಿಸುತ್ತೇವೆ. ಬಾಯಲ್ಲಿ ಅನ್ನುವುದಿಲ್ಲ, ಅಷ್ಟೇ. ಅವರಿಗೊಂದು ನೀರು, ನಮಗೊಂದು ನೀರು. ನೆನೆಸಿಕೊಂಡರೆ ನಮ್ಮ ಜನರ ಮೇಲೆ, ನನ್ನ ಮೇಲೆ ಎಷ್ಟು ಸಿಟ್ಟು ಬರುತ್ತದೆ ಅಂದರೆ, ಹಲ್ಲು ಕಚ್ಚಿಕೊಂಡು ದವಡೆ ನೋಯುತ್ತದೆ.

ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ಬಾಗಲಗುಂಟೆಗೆ ಹೋಗಿದ್ದೆ. ಬಸ್ ಸ್ಟಾಪಿನ ಹತ್ತಿರ ಶರಣಮ್ಮ. ದಪ್ಪಗಾಗಿದ್ದಳು, ಕೂದಲು ನೆರೆತಿತ್ತು. ನನ್ನನ್ನು ನೋಡಲಿಲ್ಲ. ಒಂದು ಪುಟ್ಟ ಹುಡುಗಿ ಅವಳ ಕೈ ಜಗ್ಗಿ ಪಾನಿಪುರಿ ಗಾಡಿಯ ಕಡೆ ಎಳೆಯುತ್ತಿತ್ತು. ಶರಣಮ್ಮ ಪಟ್ಟನೆ ಅದರ ಬೆನ್ನಿಗೊಂದು ಕೊಟ್ಟಳು.

"ಅದನ್ನ ತಿಂದೇ ನಿಮ್ಮಣ್ಣನ್ನ ಕೊಂದೀನಿ. ಇನ್ನೊಂದು ಸಲ ಕೇಳಿದಿ ಅಂದ್ರ ನೋಡು."

ಬೈಯುವ ದನಿಯಲ್ಲ ಅದು, ದಿನಾ ಹೇಳಿ ಹೇಳಿ ರೂಢಿಯಾದ ದನಿ. ಹುಡುಗಿ ಅಳಲೂ ಇಲ್ಲ. ನಾನು ಕಂಬದ ಹಿಂದೆ ಸರಿದು ನಿಂತೆ, ಕಳ್ಳಿಯ ಹಾಗೆ. ಕೊಂದೀನಿ ಅಂದಳು. ಆ ಮಾತು ನಾನು ಅವಳ ಬಾಯಿಗೆ ಹಾಕಿದ್ದು, ಅವಳು ಅದನ್ನು ಮಗಳಿಗೆ ಕೊಡುತ್ತಿದ್ದಾಳೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ, ಹೋಗಿ ಎಲ್ಲ ಹೇಳಿಬಿಡುತ್ತೇನೆ ಅಂತ. "ತಲೆಗಿಲೆ ಕೆಟ್ಟಿದ್ಯಾ? ಮುಚ್ಚೋಗಿರೋದ್ನ ಯಾಕ್ ಬಗೀತೀಯ?" ಅಂದರು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನಿಗೆ ಎದುರು ಕೂಗಿದೆ, ಬೀದಿಗೆಲ್ಲ ಕೇಳುವ ಹಾಗೆ. ಆಮೇಲೆ ಅವರು ಟೀವಿ ಹಾಕಿಕೊಂಡು ಕೂತರು.

ಗೊತ್ತಿದ್ದವರನ್ನು ವಿಚಾರಿಸಿ ಅವಳ ಮನೆ ಹುಡುಕಿ ಭಾನುವಾರ ಹೋದೆ. ಮಲ್ಲಪ್ಪ ಅವತ್ತೂ ಕೆಲಸಕ್ಕೆ ಹೋಗಿದ್ದ. ಅತ್ತೆ ಈಗ ಇವರ ಜೊತೆಯಲ್ಲೇ ಇದ್ದರು, ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಶರಣಮ್ಮ, "ಅಯ್ಯ, ಅಕ್ಕಾರೀ!" ಅಂತ ಓಡಿ ಬಂದು ಚಾಪೆ ಹಾಸಿದಳು. ಚಹಾಕ್ಕೆ ಇಡಲು ಹೋದವಳನ್ನು ಬೇಡ ಕೂತ್ಕೋ ಅಂದೆ. ಅತ್ತೆಗೂ ಕೇಳಿಸಲಿ ಅಂತ ಅವರ ಕಡೆಗೂ ತಿರುಗಿ ಹೇಳಿದೆ. ಪೈಪು, ಆಟೋ, ಮೈಕು, ಕಂದಾಯದ ಸುಳ್ಳು, ಆಸ್ಪತ್ರೆಯಲ್ಲಿ ಅಂದ ಮಾತು. "ಅವಳು ತಿಂದದ್ದರಿಂದ ಏನೂ ಆಗಲಿಲ್ಲ, ನಮ್ಮ ವಠಾರದ ನೀರಿನಿಂದ ಆಗಿದ್ದು. ನನಗೆ ಅವತ್ತೇ ಗೊತ್ತಿತ್ತು," ಅಂದೆ. ಕ್ಷಮಿಸು ಅನ್ನಲಿಲ್ಲ. ಕೇಳುವ ಮುಖ ಇರಲಿಲ್ಲ.

ಮುದುಕಿಯ ಕೈ ನಿಂತುಹೋಯಿತು. ಸೊಸೆಯ ಕಡೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಿತು. ಶರಣಮ್ಮ ಅಳುತ್ತಾಳೆ, ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಅಂದುಕೊಂಡು ಬಂದಿದ್ದೆ. ಅವಳು ಏನನ್ನೋ ಲೆಕ್ಕ ಹಾಕುವವಳ ಹಾಗೆ ನೆಲ ನೋಡುತ್ತ ಕೂತಳು.

"ಅಕ್ಕಾರೀ," ಅಂದಳು ಕೊನೆಗೆ. "ಆವಾಗ ನಿಮ್ಮನ್ಯಾಗ ನೀವು ಯಾವ ನೀರು ಕುಡೀತಿದ್ರಿ?"

"ಕ್ಯಾನ್ ನೀರು," ಅಂದೆ.

"ಹೌದು," ಅಂದಳು. "ನಿಮ್ಮ ಯಜಮಾನ್ರಿಗೆ ಬೆನ್ನು ನೋವು ಅಂತ, ಆ ಕ್ಯಾನ್ ಹೊತ್ತು ನಿಮ್ಮ ಮಾಳಿಗಿಗೆ ಇಡ್ತಿದ್ದಾಂವ ನನ್ ಗಂಡ. ಕೆಲಸದಿಂದ ಬಂದು, ದಿನಾ."

ಹೌದು, ಮಲ್ಲಪ್ಪನೇ. ಹೆಗಲ ಮೇಲೆ ಕ್ಯಾನ್ ಹೊತ್ತು, ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿ ಬಂದು, ಅಡುಗೆಮನೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಮಾಡಿದ್ದೆಲ್ಲ ನೆನಪಿದೆ, ಒಂದೂ ಬಿಡದೆ ಹೇಳುತ್ತೇನೆ ಅಂತ ಹೊರಟು ಬಂದವಳು ನಾನು. ಅವಳು ಹೇಳುವ ತನಕ ಇದು ನನಗೆ ನೆನಪೇ ಇರಲಿಲ್ಲ.